ಮೊದಲು ಕೈ, ಆಮೇಲೆ ಮಾತು

ಆ ಸಭೆಯಲ್ಲಿ ಒಂದು ರೂಢಿಯಿತ್ತು. ದೇವರ ಹತ್ತಿರ ಏನನ್ನಾದರೂ ಬೇಡಿಕೊಂಡ ಮೇಲೆ ಅದು ಆಗಲಿ ಎಂದು ಕಾಯುತ್ತ ಕೂರಬಾರದು; ಆಗಿಯೇಹೋಯಿತು ಎಂದು ನಂಬಿ, ಎಲ್ಲರೆದುರು ಎದ್ದು ನಿಂತು, ಮೊದಲೇ ಸ್ತೋತ್ರ ಹೇಳಿಬಿಡಬೇಕು. ಮುಂಗಡ ಸ್ತೋತ್ರ ಎಂದು ಅದಕ್ಕೆ ಹೆಸರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಹೊರಗಿನವರು ನಗಬಹುದು. ಒಳಗಿನವರು ನಗುತ್ತಿರಲಿಲ್ಲ. ಪಾಸ್ಟರ ಹೆಂಡತಿ ಎಷ್ಟೋ ವರ್ಷಗಳಿಂದ ಗಾಲಿಕುರ್ಚಿಯಲ್ಲಿದ್ದರು. ಪಾಸ್ಟರು ಪ್ರತಿ ಭಾನುವಾರ ಆ ಕುರ್ಚಿಯನ್ನು ತಾವೇ ತಳ್ಳಿಕೊಂಡು ಬಂದು, ಮುಂದಿನ ಸಾಲಿನ ಪಕ್ಕ ನಿಲ್ಲಿಸಿ, ನನ್ನ ಹೆಂಡತಿಯನ್ನು ನಡೆಸಿದ ದೇವರಿಗೆ ನಂಬಿಕೆಯಿಂದ ಸ್ತೋತ್ರ ಎನ್ನುತ್ತಿದ್ದರು. ಆಕೆ ಕುರ್ಚಿಯಲ್ಲಿ ಕೂತೇ ಆಮೆನ್ ಎನ್ನುತ್ತಿದ್ದರು. ಅದನ್ನು ಕಂಡು ನಗುವಷ್ಟು ಗಟ್ಟಿ ಎದೆ ಯಾರಿಗಿದೆ?

ಹೊಲಿಗೆಯಮ್ಮ ಆ ಸಭೆಯಲ್ಲಿ ಕೊನೆಯ ಬೆಂಚಿನವಳು. ಅವಳು ಹೊಲಿಯುತ್ತಿದ್ದುದು ಬಟ್ಟೆಯನ್ನಲ್ಲ, ಪುಸ್ತಕವನ್ನು. ಒಂದು ಬೈಂಡಿಂಗ್ ಶಾಪಿನಲ್ಲಿ ಮಡಿಸಿದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಬೆನ್ನಿಗೆ ಸೂಜಿ ಹಾಕಿ ದಾರ ಎಳೆಯುವುದು ಅವಳ ಕೆಲಸ. ಗಂಡ ಕುಡಿದು ಕುಡಿದೇ ಹೋಗಿದ್ದ. ಒಬ್ಬನೇ ಮಗ. ಅಪ್ಪನ ಮೂಗು, ಅಪ್ಪನ ನಡಿಗೆ, ಕೊನೆಗೆ ಅಪ್ಪನ ಬಾಟಲಿಯೂ ಅವನ ಪಾಲಿಗೇ ಬಂದಿತ್ತು. ಹಿಡಿದ ಕೆಲಸ ಒಂದೂ ಅವನ ಕೈಯಲ್ಲಿ ನಿಂತಿರಲಿಲ್ಲ. ಮನೆಯಲ್ಲಿ ಮಾರಬಹುದಾದ ವಸ್ತು ಒಂದೂ ಉಳಿದಿರಲಿಲ್ಲ, ಅವಳ ಬೆರಳಿನ ಮದುವೆ ಉಂಗುರವೊಂದನ್ನು ಬಿಟ್ಟು. ಅದೂ ಗಂಟು ಊದಿ ಬೆರಳಿನಿಂದ ಕಳಚದೆ ಇದ್ದುದರಿಂದ ಉಳಿದದ್ದು.

ತಿಂಗಳ ಕೊನೆಯ ಭಾನುವಾರ ಸಾಕ್ಷಿಯ ಭಾನುವಾರ. ದೇವರು ತನಗೇನು ಮಾಡಿದನೆಂದು ಯಾರು ಬೇಕಾದರೂ ಎದ್ದು ಹೇಳಬಹುದು. ಹೊಲಿಗೆಯಮ್ಮ ಎಂದೂ ಎದ್ದವಳಲ್ಲ. ಹೇಳಿಕೊಳ್ಳುವಂಥದ್ದು ಅವಳ ಬದುಕಿನಲ್ಲಿ ಏನಿತ್ತು? ಆದರೆ ಆ ಸಲ ಮಗ ಜ್ವರ ಬಂದು ಹಾಸಿಗೆ ಹಿಡಿದಿದ್ದ. ಎದ್ದು ಹೋಗಲು ಕಾಲಿನಲ್ಲಿ ಶಕ್ತಿಯಿಲ್ಲದೆ ಆ ವಾರವೆಲ್ಲ ಕುಡಿದಿರಲಿಲ್ಲ. ಕೊಟ್ಟ ಮಾತ್ರೆ ನುಂಗಿದ, ಕೊಟ್ಟ ಹಾಲು ಕುಡಿದ, ಒಂದು ಸಂಜೆ ಗೋಡೆಯ ಕಡೆ ತಿರುಗಿ ಮಲಗಿದ್ದವನು ಈ ಕಡೆ ಹೊರಳಿ, “ಅಮ್ಮಾ, ನಿನ್ನ ಊಟ ಆಯ್ತಾ?” ಎಂದೂ ಕೇಳಿದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆಗ್ಗಣವೇ ಎದ್ದು ಊಟ ಆಯ್ತಾ ಎಂದು ಕೇಳಿಬಿಟ್ಟರೆ ಹೆತ್ತವಳ ಗತಿ ಏನಾಗಬೇಕು? ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಅತ್ತಳು.

ಆ ಖುಷಿಯಲ್ಲೇ ಭಾನುವಾರ ಎದ್ದು ನಿಂತಳು.

“ನನ್ನ ಮಗ ಕುಡಿಯೋದು ಬಿಟ್ಟಿದ್ದಾನೆ,” ಎಂದಳು. ಮೈಕು ಬಾಯಿಗೆ ತೀರ ಹತ್ತಿರವಿತ್ತು. ಮಾತು ಗೋಡೆಗೆ ಬಡಿದು ಅವಳ ಕಿವಿಗೇ ವಾಪಸು ಬಂದಾಗ ಅವಳೇ ಅದನ್ನು ನಂಬಿದಳು. “ಪೂರ್ತಿ ಬಿಟ್ಟಿದ್ದಾನೆ. ಹೊಸ ಮನುಷ್ಯ ಆಗಿದ್ದಾನೆ. ಇದ್ರಲ್ಲಿ ನಂದೇನೂ ಇಲ್ಲ, ಅವನದ್ದೂ ಏನೂ ಇಲ್ಲ. ಮಹಿಮೆಯೆಲ್ಲಾ ದೇವರಿಗೇ.”

ಮುಂಗಡ ಸ್ತೋತ್ರ ಹೇಳುವವರು ‘ನಂಬಿಕೆಯಿಂದ’ ಎಂಬ ಒಂದು ಮಾತನ್ನು ಸೇರಿಸುವುದು ವಾಡಿಕೆ. ಕೇಳುವವರಿಗೆ ಅದರಿಂದ ಇದು ಆದದ್ದಲ್ಲ, ಆಗಬೇಕಾದ್ದು ಎಂದು ತಿಳಿಯುತ್ತಿತ್ತು. ಹೊಲಿಗೆಯಮ್ಮ ಆ ಮಾತನ್ನು ಸೇರಿಸಲಿಲ್ಲ. ಮರೆತಳೆನ್ನಲೇ? ಮರೆತಿರಲಿಲ್ಲ. ನಾಲಗೆಯ ತುದಿಯವರೆಗೆ ಬಂದಿತ್ತು. ಒಂದೇ ಒಂದು ಭಾನುವಾರ ತಾನೂ ಆಗಿಹೋದ ಸಂಗತಿಯನ್ನೇ ಹೇಳುವವರ ಹಾಗೆ ಹೇಳಿ ನೋಡೋಣ ಅನ್ನಿಸಿತು, ಅಷ್ಟೇ.

ಆಮೆನ್ ಎಂಬ ಕೂಗು ಚಾವಣಿ ಮುಟ್ಟಿತು. ಹೆಂಗಸರು ಬಂದು ತಬ್ಬಿಕೊಂಡರು. ಕುಡುಕ ಗಂಡನಿದ್ದ ಒಬ್ಬ ಎಳೆಯ ಹೆಂಗಸು ಅವಳ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು, “ಅಮ್ಮಾ, ನಿಮ್ಮ ಮನೇಲಿ ಆದದ್ದು ನಮ್ಮನೇಲೂ ಆಗುತ್ತೆ, ಅಲ್ವಾ?” ಎಂದು ಕೇಳಿದಳು. ಹೊಲಿಗೆಯಮ್ಮ “ಆಗುತ್ತೆ” ಎಂದಳು. ಆಗ ಇನ್ನೇನು ಹೇಳಲಾಗುತ್ತದೆ? ಬೈಂಡಿಂಗ್ ಶಾಪಿನ ಯಜಮಾನರೂ ಅದೇ ಸಭೆಯ ಹಿರಿಯರು. ಒಳ್ಳೆಯ ಮನುಷ್ಯ, ಒಳ್ಳೆಯದನ್ನು ಕೇಳಿದರೆ ತಡೆದುಕೊಳ್ಳಲಾಗದ ಮನುಷ್ಯ. ಕಣ್ಣೊರೆಸಿಕೊಳ್ಳುತ್ತಲೇ ಬಂದು, “ಜ್ವರ ಬಿಟ್ಟ ಮೇಲೆ ಮಗನ್ನ ಶಾಪಿಗೆ ಕಳ್ಸಮ್ಮಾ. ಕಟಿಂಗ್ ಮಷಿನ್‌ಗೆ ಒಬ್ಬ ಬೇಕು. ದೇವರು ಎತ್ತಿ ನಿಲ್ಸಿದವನನ್ನ ನಾವು ಕೂರ್ಸೋಕಾಗುತ್ತಾ?” ಎಂದರು.

ಜ್ವರ ಬಿಟ್ಟಿತು. ಜ್ವರ ಬಿಟ್ಟ ಸಂಜೆಯೇ ಮಗ ಶರ್ಟು ಹಾಕಿಕೊಂಡು ಹೊರಗೆ ಹೋದ. ಬಂದಾಗ ವಾಸನೆ ಅವನಿಗಿಂತ ಮೊದಲು ಒಳಗೆ ಬಂತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಮಾತು ಆಗಲೇ ಸಭೆಯ ಅಷ್ಟೂ ಜನರ ಬಾಯಲ್ಲಿತ್ತು. ಸೋಮವಾರ ಅವಳು ಮಗನಿಗೆ ಇಸ್ತ್ರಿ ಮಾಡಿದ ಶರ್ಟು ಕೊಟ್ಟು ತನ್ನ ಜೊತೆಯಲ್ಲೇ ಕರೆದುಕೊಂಡು ಹೋದಳು.

ಬೈಂಡಿಂಗ್ ಶಾಪೆಂದರೆ ಉದ್ದನೆಯ ಒಂದೇ ಕೋಣೆ. ಬಾಗಿಲ ಬಳಿ ಹಾಳೆ ಮಡಿಸುವ ಮೇಜು, ನಡುವೆ ಹೊಲಿಗೆಯ ಮೇಜು, ಅದರ ಕಾಲ ಬಳಿ ಸದಾ ಮುಚ್ಚಳ ತೆರೆದೇ ಇರುವ ಅಂಟಿನ ಬಕೆಟ್ಟು, ಕೊನೆಯಲ್ಲಿ ಕಿಟಕಿಯ ಕೆಳಗೆ ಕಟಿಂಗ್ ಮಷಿನ್ನು. ಹೊಲಿದು ಅಂಟು ಹಾಕಿದ ಪುಸ್ತಕಗಳ ಅಂಚು ಒಂದಕ್ಕೊಂದು ಕೂಡುವುದಿಲ್ಲ. ಅವನ್ನು ಕಟ್ಟು ಕಟ್ಟಾಗಿ ಜೋಡಿಸಿ ಅಲ್ಲಿ ಕತ್ತರಿಸಬೇಕು. ಮಷಿನ್ನು ಹಳೆಯದು. ಹಿಡಿಯನ್ನು ಎಳೆದರೆ ಮೊದಲು ಒಂದು ಕಬ್ಬಿಣದ ಪಟ್ಟಿ ಇಳಿದು ಕಟ್ಟನ್ನು ಅದುಮುತ್ತದೆ, ಇನ್ನೂ ಎಳೆದರೆ ಹಿಂದಿನಿಂದ ಬ್ಲೇಡು ಇಳಿಯುತ್ತದೆ. ಎರಡರ ನಡುವೆ ಇರುವುದು ಒಂದು ಉಸಿರಿನಷ್ಟು ಹೊತ್ತು.

ಅದಕ್ಕೆ ಇಬ್ಬರು ಬೇಕು. ಒಬ್ಬರು ಕಟ್ಟನ್ನು ಕೂರಿಸಬೇಕು, ಇನ್ನೊಬ್ಬರು ಹಿಡಿ ಎಳೆಯಬೇಕು. ಎಳೆಯುವವನು ಎಳೆಯುವ ಮುಂಚೆ “ಕೈ?” ಎಂದು ಕೂಗಬೇಕು. ಕೂರಿಸುವವನು ಕೈ ಹೊರಗೆ ತೆಗೆದು “ತೆಗ್ದೆ” ಎನ್ನಬೇಕು. ಆಮೇಲೆ ಹಿಡಿ. ಆ ಕೋಣೆಯಲ್ಲಿ ದಿನವಿಡೀ ಕೇಳುತ್ತಿದ್ದ ಸದ್ದೇ ಅದು: ಕೈ, ತೆಗ್ದೆ, ಧಡ್.

ಕಟ್ಟು ಕೂರಿಸುತ್ತಿದ್ದವನು ಒಬ್ಬ ಮುದುಕ. ಒಂಬತ್ತೂವರೆ ಎಂದೇ ಅವನನ್ನು ಎಲ್ಲರೂ ಕರೆಯುತ್ತಿದ್ದರು. ಎಡಗೈಯ ಒಂದು ಬೆರಳು ಅರ್ಧಕ್ಕೇ ನಿಂತಿತ್ತು. ಯಾರಾದರೂ ಗಂಟೆ ಎಷ್ಟು ಎಂದರೆ ಎರಡೂ ಕೈ ಎತ್ತಿ ತೋರಿಸಿ, “ಇಗೋ, ಒಂಬತ್ತೂವರೆ. ನನ್ನ ಗಡಿಯಾರ ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಹೋಗಲ್ಲ” ಎನ್ನುತ್ತಿದ್ದ. ಒಂದು ಕಿವಿ ಪೂರ್ತಿ ಕಿವುಡು, ಇನ್ನೊಂದು ಅರ್ಧ. ಅವನೂ ಅದೇ ಸಭೆಯವನು. ಉಪದೇಶ ಕೇಳಿಸದಿದ್ದರೂ ಪಾಸ್ಟರ ತುಟಿ ನಿಂತ ಕೂಡಲೇ ಎಲ್ಲರಿಗಿಂತ ಮೊದಲು ಆಮೆನ್ ಅನ್ನುತ್ತಿದ್ದವನು.

ಮಗ ಕೆಲಸವನ್ನು ಬೇಗ ಕಲಿತ. ಬೆಳಗಿನ ಹೊತ್ತು ಅವನ ಕೈ ಚೆನ್ನಾಗಿಯೇ ಇರುತ್ತಿತ್ತು. ಮುದುಕನಿಗೆ ಕೇಳಿಸಲಿ ಎಂದು ಅವನ ಕಿವಿಯ ಹತ್ತಿರ ಬಾಗಿ “ಕೈ?” ಎಂದು ಕೂಗುವಾಗ ಹೊಲಿಗೆಯಮ್ಮ ಸೂಜಿ ನಿಲ್ಲಿಸಿ ನೋಡುತ್ತಿದ್ದಳು. ಇವನೇ ಆ ಹೊಸ ಮನುಷ್ಯ ಇರಬಹುದೇ, ನಿಜವಾಗಿಯೂ ಬಂದುಬಿಟ್ಟನೇ ಅನ್ನಿಸುತ್ತಿತ್ತು. ಮಧ್ಯಾಹ್ನ ಊಟಕ್ಕೆಂದು ಹೊರಗೆ ಹೋಗಿ ಬಂದ ಮೇಲೆ ಬಾಯಲ್ಲಿ ಪೆಪ್ಪರ್‌ಮಿಂಟು ಇರುತ್ತಿತ್ತು. ಆಮೇಲೆ “ಕೈ?” ಎಂಬ ಕೂಗು ಒಂದೊಂದೇ ಕಡಿಮೆಯಾಗುತ್ತಿತ್ತು. ಬೇರೆ ಯಾರಿಗೂ ಅದು ತಿಳಿಯುತ್ತಿರಲಿಲ್ಲ; ಇದ್ದ ಸದ್ದನ್ನು ಯಾರಾದರೂ ಕೇಳುತ್ತಾರೆ, ಇಲ್ಲದ ಸದ್ದನ್ನು ಯಾರು ಕೇಳುತ್ತಾರೆ? ಅವಳೊಬ್ಬಳಿಗೆ ಕೇಳುತ್ತಿತ್ತು. ತೆಗ್ದೆ ಇಲ್ಲ, ಕೈ ಇಲ್ಲ, ಬರೀ ಧಡ್. ಪ್ರತಿ ಸಲ ಅವಳು ತಿರುಗಿ ಮುದುಕನ ಕೈ ನೋಡುತ್ತಿದ್ದಳು. ಮುದುಕ ಹಳೆಯ ಹುಲಿ, ತಾನಾಗಿಯೇ ಕೈ ಹಿಂದಕ್ಕೆ ತೆಗೆದುಕೊಂಡು ನಕ್ಕುಬಿಡುತ್ತಿದ್ದ. ಹುಡುಗ ಮರೆತ, ಇರಲಿ ಎಂದುಕೊಳ್ಳುತ್ತಿದ್ದ. ಯಜಮಾನರಿಗೆ ಒಂದು ಮಾತೂ ಹೇಳಿರಲಿಲ್ಲ. ದೇವರು ಬದಲಾಯಿಸಿದ ಹುಡುಗನ ಮೇಲೆ ಚಾಡಿ ಹೇಳುವುದುಂಟೇ?

ಒಂದು ಬೆಳಿಗ್ಗೆ ಅವಳು ಮಗನ ಎದುರು ಬಂದು ನಿಂತಳು. ಅವನು ಬಾಗಿಲ ಬಳಿ ಕೂತು ಶೂ ಲೇಸು ಕಟ್ಟುತ್ತಿದ್ದ.

“ನಿನ್ನೆ ಊಟ ಆದ್ಮೇಲೆ ನೀನು ಒಂದ್ಸಲಾನೂ ಕೈ ಅಂತ ಕೇಳ್ಲಿಲ್ಲ.”

“ಕೇಳ್ದೆ.”

“ಇಲ್ಲ. ನಾನು ಕಿವಿಗೊಟ್ಟು ಕೂತಿದ್ದೆ. ಅಜ್ಜನ ಕೈ ಹೋದ್ರೆ ಏನೋ ಗತಿ? ಕೆಲಸ ಬಿಟ್ಬಿಡು. ಮೈಗೆ ಹುಷಾರಿಲ್ಲ ಅಂತ ಹೇಳು.”

“ಬಿಟ್ರೆ ಯಾಕೆ ಅಂತಾರೆ. ಏನ್ ಹೇಳ್ಲಿ? ಅಷ್ಟು ಜನರ ಮುಂದೆ ನೀನೇ ಹೇಳಿದ್ದೀಯಲ್ಲ.”

“ನಾನು ನಂಬಿಕೆಯಿಂದ ಹೇಳ್ದೆ ಕಣೋ.”

“ನನ್ನ ಒಂದ್ಮಾತು ಕೇಳಿದ್ಯಾ? ನಂಗೆ ಜ್ವರ ಇತ್ತಮ್ಮಾ. ಬರೀ ಜ್ವರ.” ಅವನು ಲೇಸನ್ನು ಹಾಗೇ ಬಿಟ್ಟು ತಲೆ ಎತ್ತಿದ. ಕಣ್ಣು ಕೆಂಪಾಗಿತ್ತು, ಆದರೆ ಮಾತು ನೆಟ್ಟಗಿತ್ತು. “ರಸ್ತೇಲಿ ಹೋಗ್ತಿದ್ರೆ ಯಾರ್ಯಾರೋ ನಿಲ್ಸಿ ಕೈ ಕುಲುಕ್ತಾರೆ. ದೇವರು ದೊಡ್ಡವನು ಅಂತಾರೆ. ಹೌದು ಅಂತೀನಿ. ನಾನು ಬಿಟ್ಟೇ ಇಲ್ಲ ಅಂತ ಒಬ್ಬರ ಹತ್ರನಾದ್ರೂ ಹೇಳಿದ್ರೆ ಬಿಡೋಕೆ ಆಗ್ತಿತ್ತೇನೋ. ಈಗ ಬಿಡೋದು ಹೇಗೆ ಹೇಳು? ಆಗ್ಲೇ ಬಿಟ್ಟಾಗಿದೆಯಲ್ಲ.”

ಅವಳು ಅವನ ಕಾಲ ಬಳಿ ಕೂತಳು. ಬಗ್ಗಿ ಅವನ ಲೇಸು ಕಟ್ಟಿದಳು, ಚಿಕ್ಕವನಿದ್ದಾಗ ಕಟ್ಟುತ್ತಿದ್ದ ಹಾಗೆ ಎರಡು ಗಂಟು ಹಾಕಿ.

ಅದೇ ವಾರ ಪಾಸ್ಟರ ಮನೆಗೂ ಹೋದಳು. ಪಾಸ್ಟರು ಹೆಂಡತಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಹೊಲಿಗೆಯಮ್ಮ ಸುತ್ತಿ ಬಳಸಿ, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, ಮಗ ಒಂದೊಂದು ಸಲ ಸ್ವಲ್ಪ ಜಾರುತ್ತಾನೆ ಎಂದಳು. ಪಾಸ್ಟರು ಕೈ ಒರೆಸಿಕೊಂಡು, “ಅಮ್ಮಾ, ಕಣ್ಣಿಗೆ ಕಾಣೋದನ್ನ ನೋಡ್ಬೇಡಿ. ದೇವರಿಗೆ ಕೊಟ್ಟ ಮಹಿಮೇನ ವಾಪಸ್ ಕಿತ್ಕೊಳ್ಳೋಕೆ ಆಗುತ್ತಾ? ಬಾಯಲ್ಲಿ ಬಂದದ್ದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ,” ಎಂದರು. ಅಷ್ಟು ಹೇಳಿ ಮತ್ತೆ ಆ ಕಾಲಿನ ಕಡೆ ತಿರುಗಿದರು. ಅವರ ದನಿಯಲ್ಲಿ ಮೋಸವಿರಲಿಲ್ಲ. ಮೋಸವಿದ್ದಿದ್ದರೆ ಅವಳಿಗೆ ಎದ್ದು ಬರುವುದು ಸುಲಭವಾಗುತ್ತಿತ್ತು. ಬಿಸಿ ತುಪ್ಪವನ್ನು ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಬಾಯಲ್ಲೇ ಇಟ್ಟುಕೊಂಡು ಮನೆಗೆ ನಡೆದಳು.

ಮರುದಿನ ಯಜಮಾನರ ಮುಂದೆ ಹೋಗಿ, “ಅಜ್ಜನಿಗೆ ವಯಸ್ಸಾಯ್ತು. ಅವರು ಕೂತ್ಕೊಂಡು ಹೊಲೀಲಿ. ಕಟ್ಟು ನಾನು ಕೂರಿಸ್ತೀನಿ,” ಎಂದಳು.

ಸುಳ್ಳನ್ನು ಹೇಳಿದವಳು ತಾನು, ಬ್ಲೇಡಿನ ಕೆಳಗೆ ಇರಬೇಕಾದ್ದು ತನ್ನ ಬೆರಳು. ಅವಳ ಲೆಕ್ಕ ಅಷ್ಟೇ. ಯಜಮಾನರಿಗೆ ಅದು ಬೇರೆಯೇ ಆಗಿ ಕಂಡಿತು. “ತಾಯಿ ಮಗ ಒಂದೇ ಮಷಿನ್‌ನಲ್ಲಿ! ನೋಡೋಕೇ ಸಂತೋಷ ಕಣಮ್ಮಾ,” ಎಂದು ಕಣ್ಣು ತುಂಬಿಕೊಂಡರು. ಮುದುಕ ಮಾತ್ರ ಸೂಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಹೆಂಗಸು ಕತ್ತಿಗೆ, ಗಂಡಸು ಸೂಜಿಗೆ. ನಾಳೆಯಿಂದ ಯಜಮಾನ್ರು ಕಸ ಗುಡಿಸ್ತಾರೆ” ಎಂದು ಎಲ್ಲರನ್ನೂ ನಗಿಸಿದ. ಆಮೇಲೆ ಅವಳನ್ನು ಮಷಿನ್ನಿನ ಹತ್ತಿರ ಕರೆದುಕೊಂಡು ಹೋಗಿ ತನ್ನ ಅರ್ಧ ಬೆರಳನ್ನು ಅವಳ ಮುಖದ ಮುಂದೆ ಹಿಡಿದ.

“ಇದು ಹೇಗೆ ಹೋಯ್ತು ಗೊತ್ತಾ? ಬ್ಲೇಡಿಂದ ಅಲ್ಲ. ಬಾಯಿಂದ. ಆತುರದಲ್ಲಿ ಕೈ ತೆಗೆಯೋ ಮುಂಚೆ ತೆಗ್ದೆ ಅಂದೆ. ಎಳೆದವನ ತಪ್ಪಲ್ಲ, ಅವನು ನನ್ನ ಮಾತು ನಂಬ್ದ. ನೆನಪಿಟ್ಕೋ ತಾಯೀ. ಮೊದ್ಲು ಕೈ, ಆಮೇಲೆ ಮಾತು.”

“ಹ್ಞೂಂ ಅಜ್ಜಾ,” ಎಂದಳು ಹೊಲಿಗೆಯಮ್ಮ. ಅವಳ ಕಣ್ಣು ಅವನ ಬೆರಳಿನ ಮೇಲಿಂದ ಕದಲಲಿಲ್ಲ.

ಅಂದಿನಿಂದ ಅವಳು ಎದ್ದ ಕೂಡಲೇ ಮಾಡುತ್ತಿದ್ದ ಪ್ರಾರ್ಥನೆ ತೀರ ಚಿಕ್ಕದಾಯಿತು. ಮಗ ಬದಲಾಗಲಿ ಎಂದು ಕೇಳುವುದನ್ನು ಬಿಟ್ಟಳು. ಬದಲಾಗಿದ್ದಾನೆ ಎಂದು ಹೇಳಿಯಾದ ಮೇಲೆ ಅದನ್ನು ಮತ್ತೆ ಕೇಳುವುದು ಯಾವ ಬಾಯಲ್ಲಿ? ಇವತ್ತು ಅವನು ಕೈ ಅಂತ ಕೇಳಲಿ, ಅಷ್ಟೇ ಎನ್ನುತ್ತಿದ್ದಳು. ಬೆಳಿಗ್ಗೆ ಕೇಳುತ್ತಿದ್ದ. ಮಧ್ಯಾಹ್ನದ ಮೇಲೆ ಅವನು ಕೇಳಲಿ ಬಿಡಲಿ, ಅವಳು ಕಟ್ಟು ಕೂರಿಸಿದ್ದೇ ಕೈಯನ್ನು ಎದೆಗೆ ಎಳೆದುಕೊಳ್ಳುತ್ತಿದ್ದಳು. ಒಮ್ಮೊಮ್ಮೆ ಕೈ ತೆಗೆಯುವುದಕ್ಕೂ ಬ್ಲೇಡು ಇಳಿಯುವುದಕ್ಕೂ ನಡುವೆ ಗಾಳಿ ಸುಳಿದದ್ದು ಚರ್ಮಕ್ಕೆ ತಿಳಿಯುತ್ತಿತ್ತು. ಮಗ ಅವಳ ಮುಖ ನೋಡುತ್ತಿರಲಿಲ್ಲ. ಅವಳೂ ನೋಡುತ್ತಿರಲಿಲ್ಲ. ಇಬ್ಬರೂ ಕಾಗದವನ್ನು ನೋಡುತ್ತಿದ್ದರು.

ಹೀಗೆ ಸಾಗುತ್ತಿದ್ದಾಗ ಸಭೆಯ ಹೊಸ ಹಾಡಿನ ಪುಸ್ತಕ ಬೈಂಡಿಂಗಿಗೆ ಬಂತು. ಬರುವ ಭಾನುವಾರಕ್ಕೆ ಬೇಕು, ಅದು ಸಾಕ್ಷಿಯ ಭಾನುವಾರ. ಶನಿವಾರ ಬೆಳಿಗ್ಗೆ ಯಜಮಾನರು ಮಷಿನ್ನಿನ ಹತ್ತಿರ ಬಂದು ತಾಯಿ ಮಗ ಇಬ್ಬರ ಹೆಗಲ ಮೇಲೂ ಕೈಯಿಟ್ಟರು.

“ನಾಳೆ ಪುಸ್ತಕ ಹಂಚೋ ಮುಂಚೆ ನೀವಿಬ್ರೂ ಮುಂದೆ ಬರ್ಬೇಕು. ತಮ್ಮಾ, ಈ ಸಲ ನೀನೇ ಹೇಳು. ನಿನ್ನ ಬಾಯಿಂದ ಕೇಳ್ಬೇಕು ಅಂತ ಎಲ್ರಿಗೂ ಆಸೆ.”

ಮಗ “ಆಯ್ತು” ಎಂದ. ಬೇರೆ ಏನು ಕೇಳಿದರೂ ಆ ಹೊತ್ತಿಗೆ ಅವನು ಆಯ್ತು ಎನ್ನುತ್ತಿದ್ದ. ಊಟಕ್ಕೆ ಹೋದವನು ತಡವಾಗಿ ಬಂದ. ಪೆಪ್ಪರ್‌ಮಿಂಟನ್ನೂ ಹಾಕಿಕೊಂಡಿರಲಿಲ್ಲ.

ಅಂಟು ಇನ್ನೂ ಹಸಿಯಾಗಿತ್ತು. ಪುಸ್ತಕಗಳು ಒಂದರ ಮೇಲೊಂದು ಜಾರುತ್ತಿದ್ದವು. ಕಟ್ಟಿನ ಮೇಲೆ ಕಟ್ಟು. ಅವನು ಕೇಳಲಿಲ್ಲ, ಅವಳು ಕೈ ತೆಗೆದಳು. ಅವನು ಕೇಳಲಿಲ್ಲ, ಅವಳು ತೆಗೆದಳು. ನಾಳೆ ಇವನು ಮೈಕಿನ ಮುಂದೆ ಹೇಗೆ ನಿಲ್ಲುತ್ತಾನೆ, ನಿಂತರೆ ಏನು ಹೇಳುತ್ತಾನೆ ಎಂಬ ಯೋಚನೆಯಲ್ಲಿ ಅವಳ ತಲೆ ಗಿರ್ರೆನ್ನುತ್ತಿತ್ತು. ಒಂದು ಕಟ್ಟಿನ ಮೂಲೆ ಕೂರಲೇ ಇಲ್ಲ. ಎಡಗೈಯಿಂದ ಅದನ್ನು ಒತ್ತಿ ಹಿಡಿದಳು, ಬಿಟ್ಟರೆ ಜಾರುತ್ತಿತ್ತು, ಮತ್ತೆ ಒತ್ತಿದಳು.

“ಕೈ?” ಎಂದ ಮಗ.

ಕೇಳಿದ! ಈ ಹೊತ್ತಿನಲ್ಲಿ, ಈ ಸ್ಥಿತಿಯಲ್ಲಿ ಕೇಳಿದ. ಬೆಳಗಿನ ಪ್ರಾರ್ಥನೆಗೆ ಸಂಜೆಯ ಹತ್ತಿರ ಉತ್ತರ ಬಂದ ಹಾಗಾಯಿತು. ಅವಳ ಜೀವ ಹಿಗ್ಗಿತು. ಹಿಗ್ಗಿದ ಜೀವ ಹಿಂದೆ ಮುಂದೆ ನೋಡಲಿಲ್ಲ.

“ತೆಗ್ದೆ,” ಎಂದಳು.

ಪಟ್ಟಿ ಇಳಿಯಿತು. ಅವಳು ಕೂಗಲಿಲ್ಲ, ಕೂಗುವುದಕ್ಕೆ ಉಸಿರೇ ಇರಲಿಲ್ಲ. ಬೆರಳಿನ ಉಂಗುರ ಕಬ್ಬಿಣಕ್ಕೆ ಸಿಕ್ಕಿ ಕಿರ್ ಎಂದಿತು. ಆ ಸದ್ದಿಗೆ ಮಗ ತಲೆ ಎತ್ತಿ ನೋಡಿದ, ಪಟ್ಟಿಯ ಕೆಳಗೆ ತಾಯಿಯ ಕೈ ಕಂಡಿತು. ಹಿಡಿ ಅರ್ಧದಲ್ಲಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಇಡೀ ಮೈಯ ಬಲ ಹಾಕಿ, ಮೇಲಕ್ಕೆ ತಳ್ಳಿದ.

ಅವಳು ಕೈ ತೆಗೆದುಕೊಂಡಳು. ಉಗುರುಗಳು ಆಗಲೇ ಕಪ್ಪಾಗುತ್ತಿದ್ದವು. ಬೆರಳು ಮಾತ್ರ ಅಷ್ಟೂ ಇದ್ದವು.

“ತೆಗ್ದೆ ಅಂದ್ಯಲ್ಲಮ್ಮಾ,” ಎಂದ ಅವನು. ದನಿ ಸಣ್ಣ ಹುಡುಗನದಾಗಿತ್ತು.

“ಅಂದೆ.”

“ತೆಗ್ದಿರ್ಲಿಲ್ಲ.”

“ಇಲ್ಲ.”

“ನಾನು ಕುಡಿದಿದ್ದೀನಿ ಅಂತ ದಿನಾ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಇಲ್ಲಿ ಕೈ ಇಡ್ತಿದ್ದೆ.” ಅವನು ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ, ಅವು ಇನ್ನೂ ಏನನ್ನೋ ಮಾಡಿಬಿಡಬಹುದು ಎಂಬಂತೆ. “ಇನ್ನು ಒಂದು ಕಟ್ಟೂ ಎಳಿಯೋಕಾಗಲ್ಲಮ್ಮಾ ನನ್ನಿಂದ. ಇಲ್ಲೂ ಇರೋಕಾಗಲ್ಲ.”

ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದ. ಕೋಣೆಯುದ್ದಕ್ಕೂ ನಡೆದು, ಹೊಲಿಗೆಯ ಮೇಜಿನ ಬಳಿ ಮುದುಕನನ್ನು ದಾಟಿ, ಬಾಗಿಲಿನಿಂದ ಹೊರಗೆ ಹೋದ. ಟೀ ಕುಡಿಯಲು ಹೋದನೆಂದು ಯಜಮಾನರು ತಿಳಿದರು. ಮುದುಕ ಅವಳ ಕೈ ನೋಡಿ, ತಾನೇ ಒಂದು ಬಟ್ಟೆ ಹರಿದು ಸುತ್ತಿದ. “ಹೇಳಿರ್ಲಿಲ್ವಾ ತಾಯೀ, ಮೊದ್ಲು ಕೈ ಅಂತ? ಹೋಗ್ಲಿ, ನನ್ನ ಹಾಗೆ ಒಂಬತ್ತೂವರೆ ಆಗ್ಲಿಲ್ವಲ್ಲ,” ಎಂದು ಬೆನ್ನು ತಟ್ಟಿದ. ಆ ತಟ್ಟಿದ ಕೈಯನ್ನು ಅವಳಿಗೆ ತಾಳಲಾಗಲಿಲ್ಲ.

ಮನೆಗೆ ಬಂದಾಗ ಮಗನ ಒಂದು ಜೊತೆ ಬಟ್ಟೆ, ರೇಜರು, ಹೆಗಲಿಗೆ ಹಾಕುವ ಚೀಲ ಇರಲಿಲ್ಲ. ಅವಳು ಬಸ್ ನಿಲ್ದಾಣಕ್ಕೆ ಹೋಗಿ ಒಂದೊಂದು ಬಸ್ಸನ್ನೂ ಹತ್ತಿ ಇಳಿದಳು. ಅವನು ಕುಡಿಯುತ್ತಿದ್ದ ಜಾಗಕ್ಕೂ ಹೋಗಿ ಬಾಗಿಲಲ್ಲಿ ನಿಂತು ಇಣುಕಿದಳು. ಅಲ್ಲಿಯೂ ಇರಲಿಲ್ಲ. ಕುಡುಕನ ತಾಯಿಗೆ ತನ್ನ ಮಗ ಅಲ್ಲಿಯಾದರೂ ಇರಬಾರದಿತ್ತೇ ಅನ್ನಿಸುವ ದಿನವೊಂದು ಬರುತ್ತದೆ ಎಂದು ಮೊದಲೇ ಯಾರಾದರೂ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ.

ಭಾನುವಾರ ಸಭೆ ತುಂಬಿತ್ತು. ಹೊಸ ಪುಸ್ತಕಗಳು ಮುಂದಿನ ಮೇಜಿನ ಮೇಲೆ ಎರಡು ಸಾಲಾಗಿದ್ದವು. ಅರ್ಧ ಪುಸ್ತಕಗಳ ಅಂಚು ನೆಟ್ಟಗಿತ್ತು, ಉಳಿದವು ಕತ್ತರಿಸದೆಯೇ ಬಂದಿದ್ದವು. ಯಜಮಾನರು ಬಾಗಿಲ ಕಡೆ ನೋಡಿ ನೋಡಿ ಸಾಕಾಗಿ, ಅವಳೊಬ್ಬಳನ್ನೇ ಮುಂದಕ್ಕೆ ಕರೆದರು. ಅವಳು ಬಟ್ಟೆ ಸುತ್ತಿದ ಕೈಯನ್ನು ಎದೆಗಿಟ್ಟುಕೊಂಡು ಇನ್ನೊಂದರಲ್ಲಿ ಮೈಕು ಹಿಡಿದಳು. ಈ ಸಲ ಅದನ್ನು ಬಾಯಿಂದ ದೂರವಿಟ್ಟಳು.

“ನನ್ನ ಮಗ ಬಿಟ್ಟಿರ್ಲಿಲ್ಲ,” ಎಂದಳು. “ಅವತ್ತೂ ಬಿಟ್ಟಿರ್ಲಿಲ್ಲ, ಆಮೇಲೂ ಬಿಟ್ಟಿಲ್ಲ. ನಂಗೆ ಗೊತ್ತಿತ್ತು. ದೇವರ ಹೆಸರು ಹೇಳಿ ನಿಮ್ಗೆಲ್ಲಾ ಸುಳ್ಳು ಹೇಳ್ದೆ. ಅವನು ಕುಡಿದು ಮಷಿನ್ ಎಳೀತಿದ್ದ. ಅಜ್ಜನ ಕೈ ಅಲ್ಲಿರ್ತಿತ್ತು. ನಾನು ನೋಡ್ಕೊಂಡು ಸುಮ್ನಿದ್ದೆ.” ಯಾರೋ ಕೆಮ್ಮಿದರು. ಕುಡುಕ ಗಂಡನಿದ್ದ ಆ ಹೆಂಗಸು ಇವಳನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನೋ ಆರಿಹೋದದ್ದು ಹೊಲಿಗೆಯಮ್ಮನಿಗೆ ಮೈಕಿನ ಹತ್ತಿರದಿಂದಲೂ ಕಂಡಿತು. “ಅವನು ಹೋಗ್ಬಿಟ್ಟ. ಎಲ್ಲಿ ಅಂತ ಗೊತ್ತಿಲ್ಲ.”

ಪಾಸ್ಟರು ಮೆಲ್ಲಗೆ ಪಕ್ಕಕ್ಕೆ ಬಂದು, “ತಿರುಗಿ ಬಂದಿದ್ದಾನೆ ಅಂತ ನಂಬಿಕೆಯಿಂದ ಹೇಳಿ ಅಮ್ಮಾ. ಸ್ತೋತ್ರದಿಂದ ಮುಗ್ಸಿ,” ಎಂದು ಪಿಸುಗುಟ್ಟಿದರು. ಅವರ ಕಣ್ಣು ಬೇಡುತ್ತಿತ್ತು. ಅವಳು ಗಾಲಿಕುರ್ಚಿಯ ಕಡೆ ನೋಡಿ, ಬೇಗನೆ ಬೇರೆ ಕಡೆ ತಿರುಗಿದಳು.

“ಇಲ್ಲ ಪಾಸ್ಟ್ರೇ. ಆಗಿದ್ದನ್ನ ಮಾತ್ರ ಹೇಳ್ತೀನಿ. ನಿನ್ನೆ ನನ್ನ ಮಗ ನನ್ನ ಕೈ ನೋಡಿ ಹಿಡಿ ಹಿಂದಕ್ಕೆ ತಳ್ದ. ಕುಡಿದಿದ್ದ, ಆದ್ರೂ ತಳ್ದ. ಅವನು ಬದಲಾಗಿದ್ದು ಅಷ್ಟೇ, ಅಷ್ಟೇ ಹೊತ್ತು. ಅಷ್ಟಕ್ಕೆ ಮಹಿಮೆ ದೇವರಿಗೇ.”

ಮಹಿಮೆ ಎಂದಾಗ ಆಮೆನ್ ಎನ್ನಬೇಕು. ಯಾರೂ ಅನ್ನಲಿಲ್ಲ. ಯಜಮಾನರು ಬಗ್ಗಿ ತಮ್ಮ ಚಪ್ಪಲಿ ನೋಡುತ್ತಿದ್ದರು. ಅವಳು ಉತ್ತರಕ್ಕೆ ಕಾಯುತ್ತ ನಿಂತಳು, ಮಷಿನ್ನಿನ ಮುಂದೆ ‘ಕೈ?’ ಎಂಬ ಕೂಗಿಗೆ ಕಾದು ಅಭ್ಯಾಸವಾಗಿತ್ತು.

“ಆಮೆನ್!” ಎಂದಿತು ಒಂದೇ ಒಂದು ದನಿ, ಎರಡನೆಯ ಸಾಲಿನಿಂದ, ಗಟ್ಟಿಯಾಗಿ.

ಒಂಬತ್ತೂವರೆ. ಮುದುಕ ನಗುತ್ತಿದ್ದ. ಅವಳ ತುಟಿ ನಿಂತದ್ದನ್ನು ನೋಡಿ, ಯಾವಾಗಲೂ ಅನ್ನುವ ಹಾಗೆ ಅಂದಿದ್ದ. ಅವನಿಗೆ ಒಂದು ಅಕ್ಷರವೂ ಕೇಳಿಸಿರಲಿಲ್ಲ.

ಅವಳು ಹೋಗಿ ಕೊನೆಯ ಬೆಂಚಿನಲ್ಲಿ ಕೂರಬಹುದಿತ್ತು. ಇಡೀ ಸಭೆಯಲ್ಲಿ ಅವಳಿಗೆ ಸಿಕ್ಕ ಒಂದೇ ಆಮೆನ್ ಅದು. ಅದನ್ನು ಇಟ್ಟುಕೊಂಡಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಅವಳು ಮೈಕನ್ನು ಮೇಜಿನ ಮೇಲಿಟ್ಟು, ಎರಡನೆಯ ಸಾಲಿಗೆ ಹೋಗಿ, ಅವನ ಸ್ವಲ್ಪ ಕೇಳುವ ಕಿವಿಯ ಹತ್ತಿರ ಬಗ್ಗಿದಳು. ಮೊದಲಿನಿಂದ ಶುರು ಮಾಡಿದಳು. ಗಟ್ಟಿಯಾಗಿ ಹೇಳಬೇಕಾದ್ದರಿಂದ ಇಡೀ ಸಭೆ ಅದನ್ನು ಎರಡನೆಯ ಸಲ ಕೇಳಿತು.

ಅಜ್ಜನ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಅರ್ಥವಾದಷ್ಟು ಅರ್ಥವಾದಷ್ಟು ಹೋಯಿತು.

“ನಾನು ಅಲ್ಲಿದ್ದಾಗ್ಲೂನಾ?” ಎಂದು ಕೇಳಿದ, ಕಿವುಡರು ಕೇಳುವ ದೊಡ್ಡ ದನಿಯಲ್ಲಿ.

“ನೀವಿದ್ದಾಗ್ಲೂ ಅಜ್ಜಾ.”

“ನಿಂಗೆ ಗೊತ್ತಿತ್ತಾ ತಾಯೀ?”

“ಗೊತ್ತಿತ್ತು.”

ಅವನ ಎರಡೂ ಕೈಗಳು ಮುಂದಿನ ಬೆಂಚಿನ ಬೆನ್ನಿನ ಮೇಲಿದ್ದವು. ಅವನು ಅವುಗಳನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ನಿಧಾನವಾಗಿ, ಅವಳ ಹತ್ತಿರದಿಂದ ಅವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.